ಕಬ್ಬನ್ ಪಾರ್ಕ್‌ಗೆ ಕಬ್ಬಿನಿಂದ ಹೆಸರು ಬಂತೇ? ಈ ಅಡ್ಡಹೆಸರಿನ ಮೂಲ ಇಲ್ಲಿದೆ

‘ಬೆಂಗಳೂರಿನ ಕಬ್ಬನ್ ಪಾರ್ಕ್ ಜಾಗದಲ್ಲಿ ಹಿಂದೆ ಕಬ್ಬು ಬೆಳೀತಿದ್ರು, ಬ್ರಿಟಿಷರ ಬಾಯಲ್ಲಿ ಅದು ಕಬ್ಬನ್ ಆಯ್ತು’ ಅಂತ ಕಡೂರಿನ ನಮ್ಮ ಫ್ಯಾಮಿಲಿ ಗ್ರೂಪ್‌ಗೆ ಒಂದು ಮೆಸೇಜ್ ಬಂದಿತ್ತು. ಓದೋಕೆ ಚೆನ್ನಾಗಿದೆ. ಆದರೆ ನಿಜವಲ್ಲ. ಅಲ್ಲಿ ಯಾವ ಬೆಳೆಯೇ ಇದ್ದಿರಲಿ, ಹೆಸರು ಬಂದಿದ್ದು ಒಬ್ಬ ಮನುಷ್ಯನಿಂದ: ಸರ್ ಮಾರ್ಕ್ ಕಬ್ಬನ್.

ಬ್ರಿಟನ್ನಿನಲ್ಲೂ ಅಪರೂಪದ ಅಡ್ಡಹೆಸರು ಇದು. ಮೂಲ ಇರೋದು ಐಲ್ ಆಫ್ ಮ್ಯಾನ್ ಎಂಬ ಪುಟ್ಟ ದ್ವೀಪದಲ್ಲಿ. ಐರ್ಲೆಂಡ್ ಮತ್ತು ಇಂಗ್ಲೆಂಡ್ ನಡುವಿನ ಸಮುದ್ರದಲ್ಲಿದೆ. ಅಲ್ಲಿನ ಹಳೆಯ ಭಾಷೆ ಮ್ಯಾಂಕ್ಸ್. ಅದರಲ್ಲಿ ‘ಮ್ಯಾಕ್’ ಅಂದರೆ ಮಗ. ಗಿಬ್ಬನ್ ಎಂಬುವನ ಮಗ ‘ಮ್ಯಾಕ್ ಗಿಬ್ಬನ್’. ಬೇಗ ಬೇಗ ಹೇಳುವಾಗ ‘ಮ್ಯಾ’ ಬಿದ್ದುಹೋಗಿ, ಉಳಿದ ‘ಕ್’ ಮುಂದಿನ ಹೆಸರಿಗೆ ಅಂಟಿಕೊಂಡಿತು. ಹಾಗೆ ಕಬ್ಬನ್! ‘ನಮ್ಮ ಊರು’ ನಮ್ಮ ಬಾಯಲ್ಲಿ ‘ನಮ್ಮೂರು’ ಆಗೋದಿಲ್ಲವೇ? ಇದೇ ಕಾರಣಕ್ಕೆ ಆ ದ್ವೀಪದ ಹಳೆಯ ಅಡ್ಡಹೆಸರುಗಳಲ್ಲಿ ಬಹಳಷ್ಟು ‘ಕ’ ಅಥವಾ ‘ಕ್ವ’ ಸದ್ದಿನಿಂದಲೇ ಶುರುವಾಗುತ್ತವೆ. ಮ್ಯಾಕ್ ಡರ್ಮಟ್ ಅಲ್ಲಿ ಕರ್ಮೋಡ್ ಆಗಿದೆ.

ಇನ್ನು ಗಿಬ್ಬನ್ ಯಾರು? ಗಿಲ್ಬರ್ಟ್ ಎಂಬ ಹೆಸರಿನ ಮುದ್ದಿನ ರೂಪ. ರಂಗನಾಥ ಮೊದಲು ರಂಗ, ಆಮೇಲೆ ರಂಗಣ್ಣ ಆದ ಹಾಗೆ ಗಿಲ್ಬರ್ಟ್ ಗಿಬ್ ಆಗಿ, ಗಿಬ್ಬನ್ ಆದ.

ಈ ಹೆಸರು ನಮ್ಮ ಕಡೆಗೆ ಬಂದ ದಾರಿಯಲ್ಲಿ ತರೀಕೆರೆಯೂ ಇದೆ. 1830ರಲ್ಲಿ ನಗರ ಸೀಮೆಯ ರೈತರು ದಂಗೆಯೆದ್ದರು; ತರೀಕೆರೆ ಪಾಳೆಯಗಾರರೂ ಕೈಜೋಡಿಸಿದರು. ಅದನ್ನೇ ನೆಪ ಮಾಡಿಕೊಂಡು 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನು ಮಹಾರಾಜರಿಂದ ಕಿತ್ತುಕೊಂಡರು. ನೆಪ ಅನ್ನೋದು ನನ್ನ ಮಾತು, ಇತಿಹಾಸಕಾರರಲ್ಲಿ ಇದರ ಬಗ್ಗೆ ವಾದ ಇದೆ. 1834ರಿಂದ 1861ರವರೆಗೆ ಕಬ್ಬನ್ ಕಮಿಷನರ್. ಅಂದರೆ ಕಡೂರು, ತರೀಕೆರೆ, ಅಜ್ಜಂಪುರದ ಜನರ ಮೇಲೂ 27 ವರ್ಷ ಅವರದೇ ಆಡಳಿತ. ಊರಿಗೆ ಮರಳುವಾಗ 1861ರಲ್ಲಿ ಸೂಯೆಜ್‌ನಲ್ಲಿ ತೀರಿಕೊಂಡರು. ಸಮಾಧಿ ಹುಟ್ಟಿದ ದ್ವೀಪದಲ್ಲೇ ಇದೆ.

‘ಕಬ್ಬನ್ ಕಟ್ಟಿಸಿದ ಪಾರ್ಕ್’ ಎನ್ನುವುದೂ ತಪ್ಪು. ಪಾರ್ಕ್ ರೂಪುಗೊಂಡಿದ್ದು 1870ರಲ್ಲಿ, ಅವರು ಸತ್ತು ಒಂಬತ್ತು ವರ್ಷದ ಮೇಲೆ. ಮೊದಲು ಅದಕ್ಕೆ ಮೀಡ್ಸ್ ಪಾರ್ಕ್ ಎಂದು ಹೆಸರಿತ್ತು. 1927ರಿಂದ ಅದರ ಅಧಿಕೃತ ಹೆಸರು ಶ್ರೀ ಚಾಮರಾಜೇಂದ್ರ ಪಾರ್ಕ್. ಜನರ ಬಾಯಲ್ಲಿ ಮಾತ್ರ ಗಿಬ್ಬನ್ನನ ಮಗನೇ ಉಳಿದುಕೊಂಡಿದ್ದಾನೆ.