ಮಾನವ ಸಂಪನ್ಮೂಲ ವಿಭಾಗ: ಗಡಿ ಭಾಗದ ನಮ್ಮ ಕೆಲಸಗಾರರು ತಿಳಿದಿರಬೇಕಾದದ್ದು

ಹಿಂದೂಪುರದ ಸುತ್ತಲಿನ ಕೈಗಾರಿಕಾ ಪ್ರದೇಶಗಳಲ್ಲಿ, ಪೆನುಕೊಂಡದ ಬಳಿಯ ಕಿಯಾ ಕಾರ್ಖಾನೆಯ ಕಡೆ, ಗಡಿಯಾಚೆ ಗೌರಿಬಿದನೂರು, ದೊಡ್ಡಬಳ್ಳಾಪುರಗಳಲ್ಲಿ ನಮ್ಮವರು ದುಡಿಯುತ್ತಿದ್ದಾರೆ. ಕಲ್ಯಾಣದುರ್ಗದ ಕಡೆ ಮಳೆ ಕೈಕೊಟ್ಟರೆ ಬೆಂಗಳೂರಿನ ಬಸ್ಸು ಹತ್ತುವವರೂ ಇದ್ದಾರೆ. ಕೆಲಸಕ್ಕೆ ಸೇರುವ ದಿನ ಮೊದಲು ಕಾಣುವುದು ‘ಎಚ್.ಆರ್.’ ಎಂದು ಕರೆಯುವ ಮಾನವ ಸಂಪನ್ಮೂಲ ವಿಭಾಗವನ್ನು. ಆಮೇಲೆ ಅತ್ತ ಹೋಗುವುದು ರಜೆ ಬೇಕಾದಾಗ ಅಥವಾ ನೋಟಿಸು ಬಂದಾಗ ಮಾತ್ರ. ಈ ವಿಭಾಗದ ಕೆಲಸವೇನು, ನಾವು ಅಲ್ಲಿ ಏನನ್ನು ಕೇಳಿ ಪಡೆಯಬಹುದು ಎಂಬುದನ್ನು ಇಲ್ಲಿ ಕೊಟ್ಟಿದ್ದೇವೆ.

ಹಿನ್ನೆಲೆ

ಕಾರ್ಖಾನೆಗಳಲ್ಲಿ ಕಾರ್ಮಿಕರ ಅಹವಾಲು ಕೇಳಲು ಪ್ರತ್ಯೇಕ ಅಧಿಕಾರಿ ಇರಬೇಕೆಂದು 1931ರಲ್ಲಿ ರಾಯಲ್ ಕಾರ್ಮಿಕ ಆಯೋಗ ಸಲಹೆ ನೀಡಿತು. 1948ರ ಕಾರ್ಖಾನೆಗಳ ಕಾಯ್ದೆಯು 500 ಅಥವಾ ಹೆಚ್ಚು ಕಾರ್ಮಿಕರಿರುವಲ್ಲಿ ಕಲ್ಯಾಣ ಅಧಿಕಾರಿಯನ್ನು ಕಡ್ಡಾಯ ಮಾಡಿತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲಿ ಈ ಮಿತಿ 250ಕ್ಕೆ ಇಳಿದಿದೆ. ಇಂದಿನ ಎಚ್.ಆರ್. ವಿಭಾಗದ ಒಂದು ಬೇರು ಇಲ್ಲಿದೆ. ಅದು ಆಡಳಿತದ ವಿಭಾಗವೇ ಹೌದು; ಆದರೂ ಕಾರ್ಮಿಕರಿಗೆ ಸಲ್ಲಬೇಕಾದ್ದನ್ನು ಸಲ್ಲಿಸುವ ಹೊಣೆ ಅದಕ್ಕಿದೆ.

ಕೇಳಿ ಪಡೆಯಬೇಕಾದವು

• ನೇಮಕಾತಿ ಪತ್ರ. ಹೊಸ ಸಂಹಿತೆಯಂತೆ ಇದನ್ನು ಕೊಡಲೇಬೇಕು. ಹುದ್ದೆ, ವೇತನ ಸರಿಯಾಗಿವೆಯೇ ನೋಡಿಕೊಳ್ಳಿ.
• ಪ್ರತಿ ತಿಂಗಳ ವೇತನ ಚೀಟಿ. ಕಡಿತಗಳು ಅದರಲ್ಲಿ ಕಾಣಬೇಕು.
• ಭವಿಷ್ಯ ನಿಧಿಯ ಯು.ಎ.ಎನ್. ಸಂಖ್ಯೆ. ಹಿಂದೂಪುರದ ಕೆಲಸ ಬಿಟ್ಟು ಗೌರಿಬಿದನೂರಿಗೆ ಸೇರಿದರೂ ಸಂಖ್ಯೆ ಅದೇ. ಹೊಸ ಕಂಪನಿಯಲ್ಲಿ ಹಳೆಯ ಸಂಖ್ಯೆಯನ್ನೇ ಕೊಡಿ. ಇಲ್ಲವಾದರೆ ಹಣ ಎರಡು ಖಾತೆಗಳಲ್ಲಿ ಹಂಚಿಹೋಗುತ್ತದೆ.
• ಇ.ಎಸ್.ಐ. ಸಂಖ್ಯೆ. ತಿಂಗಳ ವೇತನ 21,000 ರೂಪಾಯಿವರೆಗೆ ಇರುವವರಿಗೆ ಇದು ಅನ್ವಯ. ಕೆಲಸಗಾರರ ಪಾಲು ಶೇ. 0.75, ಮಾಲೀಕರ ಪಾಲು ಶೇ. 3.25.
• ಕೆಲಸ ಬಿಟ್ಟರೆ ಬಾಕಿ ವೇತನ. ಎರಡು ಕೆಲಸದ ದಿನಗಳೊಳಗೆ ಕೊಡಬೇಕೆಂಬುದು ನಿಯಮ.

ಗುತ್ತಿಗೆದಾರರ ಮೂಲಕ ಸೇರಿದವರೂ ಎಚ್.ಆರ್. ವಿಭಾಗವನ್ನು ಕಾಣಬಹುದು. ಗುತ್ತಿಗೆದಾರ ವೇತನ ಕೊಡದಿದ್ದರೆ ಅದನ್ನು ತೀರಿಸುವ ಹೊಣೆ ಮುಖ್ಯ ಕಂಪನಿಯದು.

ಹೆಣ್ಣುಮಕ್ಕಳಿಗೆ

10 ಅಥವಾ ಹೆಚ್ಚು ಜನರಿರುವ ಕಡೆ, 2013ರ ಕಾಯ್ದೆಯಂತೆ, ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಇರಬೇಕು. ಹಿರಿಯ ಮಹಿಳಾ ಉದ್ಯೋಗಿಯೇ ಅದರ ಅಧ್ಯಕ್ಷರು. ಘಟನೆಯಾದ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ಬರೆಯಲು ಬಾರದವರಿಗೆ ಬರೆದುಕೊಡುವುದು ಸಮಿತಿಯ ಕರ್ತವ್ಯ.

ಭಾಷೆ ಮತ್ತು ಸ್ಥಳೀಯತೆ

ಕಾರ್ಖಾನೆಯ ಸೂಚನೆಗಳು ಇಂಗ್ಲಿಷಿನ ಜೊತೆಗೆ ಹೆಚ್ಚಿನ ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲಿಯೂ ಇರಬೇಕೆಂದು 1948ರ ಕಾಯ್ದೆಯೇ ಹೇಳಿತ್ತು. ನಮ್ಮ ಕಡೆ ಆ ಭಾಷೆ ಸಾಮಾನ್ಯವಾಗಿ ತೆಲುಗು. ನಮ್ಮಲ್ಲಿ ಹಲವರು ತೆಲುಗು ಸರಾಗವಾಗಿ ಆಡಿದರೂ ಓದುವುದು ಕನ್ನಡ ಮಾತ್ರ. ತೊಡಕು ಹುಟ್ಟುವುದು ಇಲ್ಲಿಯೇ: ಓದಲು ಬಾರದ ಕಾಗದಕ್ಕೆ ಸಂಕೋಚದಿಂದ ಸಹಿ ಹಾಕುತ್ತೇವೆ. ಅದು ರಾಜೀನಾಮೆಯೂ ಆಗಿರಬಹುದು, ‘ಬಾಕಿ ಏನೂ ಇಲ್ಲ’ ಎಂಬ ಒಪ್ಪಿಗೆಯೂ ಆಗಿರಬಹುದು. ಓದಿ ಹೇಳಿ ಎಂದು ಕೇಳಲು ನಾಚಿಕೆ ಬೇಡ. ಒಂದು ಪ್ರತಿ ಕೇಳಿ ಪಡೆಯಿರಿ.

ಇನ್ನೊಂದು ಮಾತು. ಕೈಗಾರಿಕೆಗಳಲ್ಲಿ ಶೇ. 75 ಉದ್ಯೋಗ ಸ್ಥಳೀಯರಿಗೆ ಎಂದು ಆಂಧ್ರಪ್ರದೇಶ 2019ರಲ್ಲಿ ಕಾಯ್ದೆ ಮಾಡಿತು. ಅದರಲ್ಲಿ ಸ್ಥಳೀಯತೆಯ ಅಳತೆ ನೆಲೆಸಿರುವ ಊರು, ಮಾತೃಭಾಷೆಯಲ್ಲ. ಹಿಂದೂಪುರದ, ಕಲ್ಯಾಣದುರ್ಗದ ಕನ್ನಡಿಗರು ಆಂಧ್ರದ ಸ್ಥಳೀಯರೇ. ಎಚ್.ಆರ್. ನೋಡುವುದು ನಿವಾಸದ ದಾಖಲೆಯನ್ನು. ಅದನ್ನು ಸರಿಯಾಗಿ ಇಟ್ಟುಕೊಳ್ಳಿ.

ಸಂಘದ ಸಭೆಗೆ ಬರುವಾಗ ಅರ್ಥವಾಗದ ಕಾಗದಗಳಿದ್ದರೆ ಜೊತೆಗೆ ತನ್ನಿ. ತೆಲುಗು, ಇಂಗ್ಲಿಷ್ ಬಲ್ಲವರು ನಮ್ಮಲ್ಲಿದ್ದಾರೆ, ಕೂತು ಓದೋಣ. ಸಹಿ ಹಾಕುವ ಮೊದಲು ತಂದರೆ ಇನ್ನೂ ಒಳ್ಳೆಯದು.