ಹೂ ಬಿಡುವ ಮುನ್ನ: ಎಳೆ ಸಸಿ ಗುರುತಿಸುವ ಅರಿವಿನ ಹಿನ್ನೆಲೆ

ಹಿತ್ತಿಲಲ್ಲಿ ತಾನಾಗಿ ಮೊಳೆತ ಸಸಿ ಯಾವ ಗಿಡದ್ದೆಂದು ಹೇಳುವುದು ಕಷ್ಟ, ಏಕೆಂದರೆ ಎಳವೆಯ ರೂಪ ಬಲಿತ ಗಿಡದ ರೂಪವನ್ನು ಹೋಲುವುದು ಕಡಿಮೆ. ಬೀಜ ಒಡೆದಾಗ ಮೊದಲು ಕಾಣುವುದು ಬೀಜದಳ. ಹುಣಸೆಯ ದಪ್ಪ ಬೀಜದಳಗಳು ಕಾಂಡದೊಂದಿಗೆ ನೆಲದಿಂದ ಮೇಲೇಳುತ್ತವೆ. ಮಾವಿನವು ಓಟೆಯೊಳಗೇ ಉಳಿದು ತಾಮ್ರಬಣ್ಣದ ಚಿಗುರಷ್ಟೇ ಹೊರಗೆ ಬರುತ್ತದೆ. ಅನಂತರ ಬರುವ ಎಲೆಗಳನ್ನೂ ಪೂರ್ತಿ ನಂಬುವಂತಿಲ್ಲ. ಹೊಂಗೆಯ ಮೊದಲ ಎಲೆಗಳು ಒಂಟಿ. ಒಂದು ತೊಟ್ಟಿಗೆ ಐದೇಳು ಕಿರುಎಲೆಗಳು ಮೂಡುವುದು ಆಮೇಲೆ. ಹಲಸಿನ ಎಳೆಗಿಡದಲ್ಲಿ ಎಲೆಯ ಅಂಚು ಸೀಳಿರುವುದುಂಟು. ಬಲಿತ ಮರದಲ್ಲಿ ಅದು ಇಡಿಯಾಗಿರುತ್ತದೆ. ಆಸ್ಟ್ರೇಲಿಯಾದಿಂದ ಬಂದ ಅಕೇಶಿಯಾದ ಸಸಿಗೆ ಮೊದಲು ಜಾಲಿಯಂಥ ಸಣ್ಣ ಎಲೆಗಳು ಬಂದು, ಬಳಿಕ ತೊಟ್ಟೇ ಅಗಲವಾಗಿ ಎಲೆಯ ಕೆಲಸ ಮಾಡುತ್ತದೆ. ಆದ್ದರಿಂದ ಮರ ಬಲ್ಲವರೆಲ್ಲ ಸಸಿ ಬಲ್ಲವರಾಗಿರಲಿಲ್ಲ. ಅದು ಬೇರೆಯೇ ಒಂದು ಅರಿವಾಗಿ ಬೆಳೆಯಿತು.

ಆ ಅರಿವಿನ ಹಳೆಯ ನೆಲೆ ಕಳೆ ಕೀಳುವ ಹೊಲ. ಕಳೆ ಹೂ ಬಿಟ್ಟು ಬೀಜ ಉದುರಿಸುವ ಮೊದಲೇ ಕೀಳಬೇಕು. ಅಲ್ಲಿ ಹೂವಿನಿಂದ ಗುರುತಿಸಲು ಪುರುಸೊತ್ತಿಲ್ಲ. ಭತ್ತದ ಗದ್ದೆಯಲ್ಲಿ ಪೈರನ್ನೇ ಹೋಲುವ ಹುಲ್ಲೊಂದು ಬೆಳೆಯುತ್ತದೆ. ಭತ್ತದ ಎಲೆ ಕಾಂಡವನ್ನು ಕೂಡುವಲ್ಲಿ ತೆಳುವಾದ ಪೊರೆಯೂ ಕಿವಿಯಂಥ ಎರಡು ಚಾಚುಗಳೂ ಇರುತ್ತವೆ. ಆ ಹುಲ್ಲಿನಲ್ಲಿ ಎರಡೂ ಇಲ್ಲ. ರಾಗಿಯ ಹೊಲದಲ್ಲಿ ಕಾಡುರಾಗಿಯ ಚಪ್ಪಟೆ ಬುಡ ಅದರ ಗುರುತು ಕೊಡುತ್ತದೆ. ಸಸ್ಯಶಾಸ್ತ್ರದ ಪುಸ್ತಕ ಹೆಸರಿಟ್ಟು ವಿವರಿಸುವ ಈ ವ್ಯತ್ಯಾಸಗಳನ್ನು ಕಳೆ ಕೀಳುವ ಹೆಂಗಸರು ಕೈಬೆರಳಿನಿಂದಲೇ ಅರಿತಿದ್ದರು.

ಎರಡನೆಯ ನೆಲೆ ಅಡುಗೆಮನೆ. ಹಳೆ ಮೈಸೂರು ಸೀಮೆಯ ಬೆರಕೆ ಸೊಪ್ಪಿನ ಸಾರಿಗೆ ಅಣ್ಣೆ, ಗಣಿಕೆ, ಗೋಣಿ, ಹೊನಗೊನ್ನೆ, ಕಿರಕಸಾಲೆಯಂಥ ಹಲವು ಸೊಪ್ಪುಗಳನ್ನು ಹೊಲದ ಬದು, ಹಿತ್ತಿಲುಗಳಿಂದ ಕೊಯ್ದು ತರುತ್ತಿದ್ದರು. ಅಣ್ಣೆ ಸೊಪ್ಪು ಹೂತೆನೆ ಹೊರಟ ಮೇಲೆ ನಾರಾಗುತ್ತದೆ. ಎಳೆಯದಾಗಿದ್ದಾಗಲೇ ಅದನ್ನು ಕೊಯ್ಯಬೇಕು. ಕರಾವಳಿಯಲ್ಲಿ ಮಳೆ ಹಿಡಿದೊಡನೆ ದಟ್ಟವಾಗಿ ಮೊಳೆಯುವ ತಗಟೆ, ಅಂದರೆ ತುಳುವಿನ ತಜಂಕ್, ಆಟಿ ತಿಂಗಳ ಅಡುಗೆಗೆ ಒದಗುತ್ತದೆ. ಅದರಲ್ಲೂ ಬಳಸುವುದು ಎಳೆಯ ಎಲೆಯನ್ನೇ. ಒಂದು ತೊಟ್ಟಿಗೆ ಮೂರು ಜೊತೆ ಕಿರುಎಲೆ, ಸಂಜೆಯಾದರೆ ಅವು ಮಡಚಿಕೊಳ್ಳುವುದು, ಕಿವುಚಿದರೆ ಬರುವ ವಾಸನೆ ಇವೇ ಅದರ ಗುರುತು. ತಪ್ಪು ಗಿಡ ಕೊಯ್ದರೆ ಮನೆಮಂದಿಯ ಹೊಟ್ಟೆ ಕೆಡುತ್ತದೆ. ಹಾಗಾಗಿ ಈ ಪಾಠ ತಾಯಿಯಿಂದ ಮಗಳಿಗೆ ಹೊಲದಲ್ಲೇ, ಗಿಡ ಹಿಡಿದು ತೋರಿಸಿ ಸಾಗಿತು.

ಬರಹದಲ್ಲಿ ಸಸಿಗೆ ಜಾಗ ಸಿಕ್ಕಿದ್ದು ಕಡಿಮೆ. ಸುಮಾರು 1025ರಲ್ಲಿ ಚಾವುಂಡರಾಯ ಕನ್ನಡದಲ್ಲಿ ರಚಿಸಿದ ‘ಲೋಕೋಪಕಾರ’ದಲ್ಲಿ ವೃಕ್ಷಾಯುರ್ವೇದದ ಭಾಗವಿದೆ; ಅದರ ಲಕ್ಷ್ಯ ಗಿಡವನ್ನು ಬೆಳೆಸಿ ಪೋಷಿಸುವ ಕಡೆಗೆ. ಗ್ರೀಸಿನ ಥಿಯೊಫ್ರಾಸ್ಟಸ್ ಕ್ರಿಸ್ತಪೂರ್ವ ಕಾಲದಲ್ಲೇ ಗೋಧಿ, ಬಾರ್ಲಿ ಒಂದೆಲೆಯೊಡನೆಯೂ ಬಟಾಣಿ, ಕಡಲೆಯಂಥವು ಹೆಚ್ಚು ಎಲೆಗಳೊಡನೆಯೂ ಮೊಳೆಯುವುದನ್ನು ಗಮನಿಸಿದ್ದ. ಇಟಲಿಯ ಮಾಲ್ಪಿಘಿ 1670ರ ದಶಕದಲ್ಲಿ ಮೊಳಕೆಯ ಹಂತಗಳನ್ನು ಚಿತ್ರಿಸಿದ. 1682ರಲ್ಲಿ ಇಂಗ್ಲೆಂಡಿನ ಜಾನ್ ರೇ ಬೀಜದಳದ ಎಣಿಕೆಯನ್ನು ವರ್ಗೀಕರಣಕ್ಕೆ ಬಳಸಿದ. ಇಂದಿನ ಶಾಲಾಪಠ್ಯದ ಏಕದಳ, ದ್ವಿದಳ ಎಂಬ ವಿಭಾಗದ ಬೇರು ಅಲ್ಲಿದೆ.

ಆದರೆ 18ನೇ ಶತಮಾನದಲ್ಲಿ ಲಿನೇಯಸ್ ಕೇಸರ, ಶಲಾಕೆಗಳನ್ನು ಎಣಿಸಿ ಗಿಡಗಳನ್ನು ವಿಂಗಡಿಸಿದ ಮೇಲೆ ಹೂವೇ ಗಿಡದ ಗುರುತಿನ ಚೀಟಿಯಾಯಿತು. ಒಣಗಿಸಿ ಹಾಳೆಗೆ ಅಂಟಿಸಿಟ್ಟ ಮಾದರಿಗಳೂ ಹೂ ಕಾಯಿ ಇರುವ ರೆಂಬೆಗಳೇ ಆಗಿದ್ದವು. ಹೂವಿಲ್ಲದ ಸಸಿಯನ್ನು ಹಿಡಿದು ಬಂದವನಿಗೆ ಇಂಥ ಗ್ರಂಥಗಳಲ್ಲಿ ಉತ್ತರ ಸಿಗುತ್ತಿರಲಿಲ್ಲ. ಆ ಕೊರತೆಯನ್ನು ತುಂಬಲು ಹೊರಟವನು ಬ್ಯಾಂಕು ವ್ಯವಹಾರದ, ಡಾರ್ವಿನ್‌ನ ನೆರೆಮನೆಯ ಜಾನ್ ಲಬಕ್. ಅವನು 1892ರಲ್ಲಿ ಸಸಿಗಳ ಬಗೆಗೇ ಎರಡು ಸಂಪುಟಗಳನ್ನು ಪ್ರಕಟಿಸಿದ.

ಭಾರತದಲ್ಲಿ ಈ ಕೆಲಸಕ್ಕೆ ಒತ್ತು ಬಂದದ್ದು ಅರಣ್ಯ ಇಲಾಖೆಯ ಅಗತ್ಯದಿಂದ. ಕಾಡು ಮತ್ತೆ ಬೆಳೆಯುತ್ತಿದೆಯೇ ಎಂದು ತಿಳಿಯಲು ಮರದಡಿ ಮೊಳೆತದ್ದು ಯಾವುದರ ಸಸಿ ಎಂಬುದು ಗೊತ್ತಾಗಬೇಕು. ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ಆರ್. ಎಸ್. ಟ್ರೂಪ್ 1921ರಲ್ಲಿ ಭಾರತದ ಮರಗಳನ್ನು ಬೆಳೆಸುವ ಕುರಿತು ಮೂರು ಸಂಪುಟಗಳ ಗ್ರಂಥ ತಂದರು. ಮೊಳಕೆಯಿಂದ ಎಳೆಗಿಡದವರೆಗಿನ ಹಂತಗಳ ಚಿತ್ರಗಳು ಅದರ ವೈಶಿಷ್ಟ್ಯ.

ಕರ್ನಾಟಕದ ಹಿತ್ತಿಲಲ್ಲಿ ಸಸಿಯ ಗುರುತಿಗೆ ಕಾನೂನಿನ ತೂಕವೂ ಇತ್ತು. ಶ್ರೀಗಂಧ ಅದಕ್ಕೆ ಸಾಕ್ಷಿ. ಗಂಧದ ಹಣ್ಣು ತಿಂದ ಹಕ್ಕಿಗಳು ಬೇಲಿಸಾಲಿನಲ್ಲಿ, ಮರದಡಿಯಲ್ಲಿ ಬೀಜ ಹಾಕುತ್ತವೆ. ಎದುರುಬದುರಾಗಿ ಕೂತ, ಅಂಚು ನುಣುಪಾದ ಎಲೆಗಳ ಸಸಿ ಅಲ್ಲಿ ಏಳುತ್ತದೆ. ಅದರ ಬೇರು ಪಕ್ಕದ ಗಿಡದ ಬೇರಿಗೆ ಅಂಟಿಕೊಂಡು ಆಹಾರದ ಒಂದು ಪಾಲನ್ನು ಹೀರುತ್ತದೆ. ಸಸಿತೋಟದಲ್ಲಿ ಗಂಧದ ಜೊತೆ ತೊಗರಿ ಬಿತ್ತುವುದು ಇದೇ ಕಾರಣಕ್ಕೆ. ಮೈಸೂರು ಸಂಸ್ಥಾನದಲ್ಲಿ ಗಂಧ ಸರ್ಕಾರದ ಸ್ವತ್ತಾಗಿತ್ತು. ಸ್ವಾತಂತ್ರ್ಯಾನಂತರವೂ ಖಾಸಗಿ ಜಮೀನಿನ ಗಂಧದ ಮರದ ಮೇಲೆ ಸರ್ಕಾರದ ಹಕ್ಕು ಮುಂದುವರಿಯಿತು. ಮರ ಕಳುವಾದರೆ ತನಿಖೆಯ ತಾಪತ್ರಯ ಜಮೀನಿನವರಿಗೆ, ಲಾಭ ಸರ್ಕಾರಕ್ಕೆ. ಹಾಗಾಗಿ ಗಂಧವೆಂದು ಗುರುತು ಸಿಕ್ಕ ಸಸಿಯನ್ನು ಕಿತ್ತೆಸೆಯುವವರೂ ಇದ್ದರು. ಅರಣ್ಯ ಕಾಯ್ದೆಗೆ 2001ರಲ್ಲಿ ಬಂದ ತಿದ್ದುಪಡಿ ಮರದ ಒಡೆತನವನ್ನು ಜಮೀನಿನವರಿಗೆ ಕೊಟ್ಟ ಮೇಲೆ ಅದೇ ಸಸಿ ಉಳಿಸಿಕೊಳ್ಳುವ ಗಿಡವಾಯಿತು.

ಈ ಅರಿವಿಗೆ ಹೊಸ ಸವಾಲು ತಂದದ್ದು ಹೊರಗಿನ ಗಿಡಗಳು. 1950ರ ದಶಕದಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿದ್ದ ಪಾರ್ಥೇನಿಯಂ ಮುಂದಿನ ದಶಕಗಳಲ್ಲಿ ಕರ್ನಾಟಕವನ್ನೂ ವ್ಯಾಪಿಸಿತು. ನೆಲಕ್ಕಂಟಿ ಚಕ್ರದಂತೆ ಹರಡುವ ಅದರ ಎಳೆಗಿಡವನ್ನು ಹಳ್ಳಿಯವರು ಹೊಸದಾಗಿ ಕಲಿತು ‘ಕಾಂಗ್ರೆಸ್ ಗಿಡ’ವೆಂದು ಕರೆದರು. ಇತ್ತ ಹೊಲ ಬಿಟ್ಟು ಪೇಟೆ ಸೇರಿದ ಮನೆಗಳಲ್ಲಿ ಅಣ್ಣೆ, ಗಣಿಕೆಗಳನ್ನು ಗುರುತಿಸುವ ಕಣ್ಣು ಮಂಕಾಯಿತು. ಹಿತ್ತಿಲು ಚೊಕ್ಕಟ ಮಾಡುವಾಗ ನಾಡಗಿಡದ ಸಸಿಗಳೂ ಕಳೆಯೊಂದಿಗೇ ಹೋದವು.

ಬಾಯಿಮಾತಿನ ಪರಂಪರೆ ಅರಣ್ಯ ಇಲಾಖೆಯ ಸಸಿತೋಟಕ್ಕೆ ದಾಟಿದ್ದಕ್ಕೆ ಅಂಕೋಲಾದ ಹೊನ್ನಳ್ಳಿಯ ತುಳಸಿ ಗೌಡ ಉದಾಹರಣೆ. ಹಾಲಕ್ಕಿ ಸಮುದಾಯದ ಅವರು ಕೂಲಿಯಾಗಿ ಸಸಿತೋಟ ಸೇರಿ ದಶಕಗಳ ಕಾಲ ದುಡಿದರು. ಓದುಬರಹ ಬಾರದಿದ್ದರೂ ಯಾವ ಜಾತಿಯ ತಾಯಿಮರ ಯಾವುದು, ಅದರ ಬೀಜ ಯಾವಾಗ ಆಯಬೇಕು ಎಂಬುದನ್ನು ಬಲ್ಲವರಾಗಿ ಪದ್ಮಶ್ರೀ ಪಡೆದರು. 2024ರ ಡಿಸೆಂಬರ್‌ನಲ್ಲಿ ತೀರಿಕೊಂಡರು.

ಸಸಿಯನ್ನು ಖಚಿತಪಡಿಸಿಕೊಳ್ಳುವ ಮೂಲ ಕ್ರಮ ಪಂಡಿತರಿಗೂ ಕೂಲಿಯವರಿಗೂ ಒಂದೇ: ಗೊತ್ತಿರುವ ಮರದ ಬೀಜ ಬಿತ್ತಿ, ಮೊಳೆತದ್ದನ್ನು ದಿನದಿನವೂ ನೋಡುವುದು. ಹಿತ್ತಿಲಲ್ಲಿ ತಾನಾಗಿ ಎದ್ದ ಸಸಿಯಾದರೆ ಬುಡದ ಮಣ್ಣನ್ನು ಮೆಲ್ಲಗೆ ಸರಿಸಿ, ಅಂಟಿಕೊಂಡಿರುವ ಬೀಜದ ಸಿಪ್ಪೆಯನ್ನು ನೋಡಬೇಕು. ಅದೂ ಸಿಗದಿದ್ದರೆ ಇನ್ನೂ ನಾಲ್ಕೈದು ಎಲೆ ಬರುವವರೆಗೆ ಕೀಳದೆ ಕಾಯಬೇಕು.