ಕನ್ಸಿಲಿಯಂ (ನಿಯತಕಾಲಿಕೆ)

ಕನ್ಸಿಲಿಯಂ ಕಥೋಲಿಕ ದೈವಶಾಸ್ತ್ರದ ಅಂತರರಾಷ್ಟ್ರೀಯ ವಿದ್ವತ್ ಪತ್ರಿಕೆ. ಇದು 1965ರಲ್ಲಿ ಆರಂಭವಾಯಿತು. ಲ್ಯಾಟಿನ್ ಭಾಷೆಯಲ್ಲಿ ಈ ಪದಕ್ಕೆ ಧರ್ಮಸಭೆಯ ಮಹಾಸಭೆ ಎಂಬ ಅರ್ಥವಿದೆ. 1962ರಿಂದ 1965ರವರೆಗೆ ನಡೆದ ದ್ವಿತೀಯ ವ್ಯಾಟಿಕನ್ ಮಹಾಸಭೆಯ ಚಿಂತನೆಯನ್ನು ಮುಂದುವರಿಸುವುದು ಪತ್ರಿಕೆಯ ಉದ್ದೇಶವಾಗಿತ್ತು. ಕರ್ನಾಟಕದ ಕಥೋಲಿಕ ದೇವಾಲಯಗಳಲ್ಲಿ ಲ್ಯಾಟಿನ್ ಬದಲು ಕನ್ನಡ, ಕೊಂಕಣಿಗಳಲ್ಲಿ ಬಲಿಪೂಜೆ ನಡೆಯತೊಡಗಿದ್ದು ಇದೇ ಮಹಾಸಭೆಯ ಸುಧಾರಣೆಗಳ ಫಲ.

ಹಿನ್ನೆಲೆ

ಕಾರ್ಲ್ ರಾನರ್, ಈವ್ ಕೊಂಗಾರ್, ಎಡ್ವರ್ಡ್ ಸ್ಕಿಲ್ಲೆಬೇಕ್ಸ್, ಹಾನ್ಸ್ ಕ್ಯೂಂಗ್ ಹಾಗೂ ಯೋಹಾನ್ ಬ್ಯಾಪ್ಟಿಸ್ಟ್ ಮೆಟ್ಸ್ ಪತ್ರಿಕೆಯ ಸ್ಥಾಪಕರಲ್ಲಿ ಪ್ರಮುಖರು. ಇವರಲ್ಲಿ ಕೆಲವರು ಅದಕ್ಕೆ ಹಿಂದೆ ಧರ್ಮಸಭೆಯ ಅಧಿಕಾರಿಗಳ ಅವಕೃಪೆಗೆ ಗುರಿಯಾಗಿದ್ದರು. ಕೊಂಗಾರ್ ಅವರನ್ನು 1954ರಲ್ಲಿ ಬೋಧನೆಯಿಂದ ದೂರವಿರಿಸಲಾಗಿತ್ತು. ರಾನರ್ ಅವರ ಬರಹಗಳು ಪ್ರಕಟಣೆಗೆ ಮುನ್ನ ರೋಮಿನ ಪರಿಶೀಲನೆಗೆ ಒಳಪಡಬೇಕೆಂದು 1962ರಲ್ಲಿ ಆದೇಶವಾಗಿತ್ತು. ಆದ್ದರಿಂದ ದೈವಶಾಸ್ತ್ರಜ್ಞರ ವಿಚಾರ ಸ್ವಾತಂತ್ರ್ಯವು ಈ ಪತ್ರಿಕೆಗೆ ಬರಿಯ ಚರ್ಚಾವಿಷಯವಾಗಿರಲಿಲ್ಲ. ಆ ಸ್ವಾತಂತ್ರ್ಯವನ್ನು ಕುರಿತು 1968ರಲ್ಲಿ ಪತ್ರಿಕೆಯ ಬಳಗ ಹೊರಡಿಸಿದ ಹೇಳಿಕೆಗೆ 1360 ದೈವಶಾಸ್ತ್ರಜ್ಞರು ಸಹಿ ಹಾಕಿದರು. ಮುಂದೆ ಪೋಪ್ ಹದಿನಾರನೆಯ ಬೆನೆಡಿಕ್ಟ್ ಆದ ಯೋಸೆಫ್ ರಾಟ್ಸಿಂಗರ್ ಅವರೂ ಅವರಲ್ಲಿ ಒಬ್ಬರು.

ಭಿನ್ನಾಭಿಪ್ರಾಯ

ಈ ಒಮ್ಮತ ಬಹುಕಾಲ ಉಳಿಯಲಿಲ್ಲ. ಮಹಾಸಭೆಯು ಹೊಸ ಚಿಂತನೆಗೆ ಆರಂಭಬಿಂದುವೆಂದು ಕನ್ಸಿಲಿಯಂ ಬಳಗ ಭಾವಿಸಿತು. ಪರಂಪರೆಯ ಮೂಲಗಳಿಗೆ ಮರಳುವುದೇ ಅದರ ತಿರುಳೆಂದು ಇತರರು ವಾದಿಸಿದರು. ಹಾನ್ಸ್ ಉರ್ಸ್ ಫೊನ್ ಬಾಲ್ತಜಾರ್, ಆನ್ರಿ ದ ಲ್ಯುಬಾಕ್, ರಾಟ್ಸಿಂಗರ್ ಮೊದಲಾದವರು 1972ರಲ್ಲಿ ಕಮ್ಯೂನಿಯೊ ಎಂಬ ಮತ್ತೊಂದು ಪತ್ರಿಕೆಯನ್ನು ಆರಂಭಿಸಿದರು. ಲ್ಯುಬಾಕ್ ಸ್ವತಃ ಮೊದಲು ಕನ್ಸಿಲಿಯಂ ಸಮಿತಿಯಲ್ಲಿದ್ದು ಹೊರಬಂದವರು. ಕ್ಯೂಂಗ್ ಅವರು ಕಥೋಲಿಕ ದೈವಶಾಸ್ತ್ರ ಬೋಧಿಸುವ ಅಧಿಕೃತ ಅನುಮತಿಯನ್ನು 1979ರಲ್ಲಿ ಕಳೆದುಕೊಂಡರು. ಲ್ಯುಬಾಕ್ ಅವರು 1983ರಲ್ಲಿ ಕಾರ್ಡಿನಲ್ ಆದರು. ಆದರೆ ಒಂದು ಪತ್ರಿಕೆಯನ್ನು ಬಂಡಾಯದ್ದೆಂದೂ ಇನ್ನೊಂದನ್ನು ಅಧಿಕಾರದ್ದೆಂದೂ ವಿಂಗಡಿಸುವುದು ಅತಿ ಸರಳೀಕರಣ: ಕೊಂಗಾರ್ ಅವರಿಗೂ 1994ರಲ್ಲಿ ಕಾರ್ಡಿನಲ್ ಪದವಿ ದೊರೆಯಿತು.

ಸ್ವರೂಪ

ಆರಂಭದಲ್ಲಿ ವರ್ಷಕ್ಕೆ ಹತ್ತು ಸಂಪುಟಗಳು ಹೊರಬರುತ್ತಿದ್ದವು. ಧರ್ಮಗ್ರಂಥ, ಪೂಜಾವಿಧಿ, ಧರ್ಮಸಭೆಯ ಇತಿಹಾಸ ಹೀಗೆ ಒಂದೊಂದು ಸಂಪುಟ ಒಂದೊಂದು ಶಾಖೆಗೆ ಮೀಸಲಾಗಿತ್ತು. ನಂತರ ವರ್ಷಕ್ಕೆ ಐದು ಸಂಚಿಕೆಗಳ ಕ್ರಮ ಬಂದಿತು. ಪ್ರತಿ ಸಂಚಿಕೆಯೂ ಒಂದೇ ವಿಷಯವನ್ನು ಕುರಿತದ್ದಾಗಿರುವುದರಿಂದ ಬಿಡಿ ಲೇಖನಕ್ಕಿಂತ ಇಡೀ ಸಂಚಿಕೆಯನ್ನು ಓದುವುದು ಹೆಚ್ಚು ಪ್ರಯೋಜನಕರ. ಒಂದೇ ಸಂಚಿಕೆ ಇಂಗ್ಲಿಷ್, ಜರ್ಮನ್, ಸ್ಪ್ಯಾನಿಷ್, ಇಟಾಲಿಯನ್ ಮೊದಲಾದ ಭಾಷೆಗಳಲ್ಲಿ ಪ್ರಕಟವಾಗುತ್ತದೆ. ಕಮ್ಯೂನಿಯೊದ ಭಾಷಾ ಆವೃತ್ತಿಗಳಾದರೋ ಪರಸ್ಪರ ಸ್ವತಂತ್ರವಾಗಿದ್ದು, ಅವುಗಳ ಲೇಖನಗಳು ಬೇರೆ ಬೇರೆಯಾಗಿರಬಹುದು. ಅದರಿಂದ ಉಲ್ಲೇಖಿಸುವಾಗ ಆವೃತ್ತಿಯ ಭಾಷೆಯನ್ನೂ ನಮೂದಿಸಬೇಕಾಗುತ್ತದೆ.

ಕ್ರಮೇಣ ಲ್ಯಾಟಿನ್ ಅಮೆರಿಕ, ಆಫ್ರಿಕ ಮತ್ತು ಏಷ್ಯಾದ ಲೇಖಕರಿಗೆ ಪತ್ರಿಕೆಯಲ್ಲಿ ಹೆಚ್ಚು ಸ್ಥಾನ ದೊರೆಯಿತು. ತಮಿಳುನಾಡಿನ ದೈವಶಾಸ್ತ್ರಜ್ಞ ಫೆಲಿಕ್ಸ್ ವಿಲ್ಫ್ರೆಡ್ ಅವರು ಇದರ ಅಧ್ಯಕ್ಷರಾಗಿದ್ದರು.